ಎಂಜಿನ್ ಬಲ ಹೆಚ್ಚಿಸುವ ಮುನ್ನ ಗೇರ್‌ಬಾಕ್ಸನ್ನೂ ಒಂದು ಮಾತು ಕೇಳಿ

‘ನೀನು ಮೆಕ್ಯಾನಿಕಲ್ ಓದ್ತಿದೀಯಲ್ಲೋ, ಇದನ್ನ ಹಾಕಿಸ್‌ಬೋದಾ ಹೇಳು’ ಎಂದು ಅಣ್ಣ ಫೋನಿನಲ್ಲಿ ಕೇಳಿದಾಗ ನಾನು ಹಾಸನದ ಹಾಸ್ಟೆಲ್‌ನಲ್ಲಿ ಊಟದ ಸಾಲಿನಲ್ಲಿ ನಿಂತಿದ್ದೆ. ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಫೋನು. ‘ಹಾಕ್ಸಣ್ಣ, ಏನೂ ಆಗಲ್ಲ’ ಎಂದೆ. ಹಾಗೆನ್ನಲು ನನಗೆ ಎರಡು ಸೆಕೆಂಡ್ ಸಾಕಾಯಿತು. ಆ ಮಾತಿನ ಬೆಲೆ 1.40 ಲಕ್ಷ ರೂಪಾಯಿ. ತೆತ್ತದ್ದು ನಾನಲ್ಲ, ಅಣ್ಣ.

ಅಣ್ಣ ಎಂದರೆ ದೊಡ್ಡಪ್ಪನ ಮಗ. ಅರಸೀಕೆರೆ ರೈಲು ನಿಲ್ದಾಣದ ಹೊರಗೆ ಅವನ ಬಾಡಿಗೆ ಕಾರು ನಿಲ್ಲುತ್ತದೆ. ರೈಲಿನಿಂದ ಇಳಿದವರನ್ನು ಬಾಣಾವರ, ಜಾವಗಲ್ ದಾರಿಯಾಗಿ ಹಳೇಬೀಡಿಗೆ, ಅಲ್ಲಿಂದ 16 ಕಿಲೊಮೀಟರ್ ದೂರದ ಬೇಲೂರಿಗೆ ಕರೆದುಕೊಂಡು ಹೋಗಿ ಸಂಜೆ ಮತ್ತೆ ರೈಲಿಗೆ ಬಿಡುವುದು ಅವನ ಕೆಲಸ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಮೇಲೆ ಬಾಡಿಗೆ ಹೆಚ್ಚಾದೀತು ಎಂಬ ನಂಬಿಕೆಯಲ್ಲಿ ಸಾಲ ಮಾಡಿ ಒಂದು ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು ಕೊಂಡ. ಅದೂ ಆಟೊಮ್ಯಾಟಿಕ್. ಶೋಕಿಗಲ್ಲ. ಬೈಕಿನಿಂದ ಬಿದ್ದು ಅವನ ಎಡ ಮಂಡಿಗೆ ಪೆಟ್ಟಾಗಿತ್ತು; ದಿನವಿಡೀ ಕ್ಲಚ್ ತುಳಿಯಲು ಆಗುತ್ತಿರಲಿಲ್ಲ. ಕ್ಲಚ್ ಪೆಡಲ್ ಇಲ್ಲದ ಗಾಡಿ ಅವನ ಪಾಲಿಗೆ ಅನ್ನದ ದಾರಿ.

ತೊಂದರೆ ಶುರುವಾದದ್ದು ಏರಿನಲ್ಲಿ. ಬೇಲೂರು ನೋಡಿದವರು ‘ಇಷ್ಟು ದೂರ ಬಂದಿದ್ದೀವಿ, ಮುಳ್ಳಯ್ಯನಗಿರಿಗೂ ಹೋಗಿಬಿಡೋಣ’ ಎನ್ನುತ್ತಾರೆ. ಐದು ಜನ, ಲಗೇಜು, ಮೇಲೆ ಎ.ಸಿ. ‘ಗಾಡಿ ಏದುಸಿರು ಬಿಡುತ್ತೆ ಕಣೋ’ ಎನ್ನುತ್ತಿದ್ದ ಅಣ್ಣ. ಯಾರೋ ಅವನಿಗೆ ‘ಟ್ಯೂನಿಂಗ್ ಬಾಕ್ಸ್’ ಬಗ್ಗೆ ಹೇಳಿದರು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಬೆಲೆ 18,000 ರೂಪಾಯಿ. ಎಂಜಿನ್‌ನ ಒಂದು ವೈರಿಗೆ ಸಿಕ್ಕಿಸಿದರೆ 260 ನ್ಯೂಟನ್ ಮೀಟರ್ ಟಾರ್ಕ್ 320 ಆಗುತ್ತದೆ ಎಂದು ಅವರು ಕೊಟ್ಟ ಕಾಗದದಲ್ಲಿತ್ತು. ಅಣ್ಣ ಕೇಳಿದ್ದು ಅದರ ಬಗ್ಗೆ. ನಾನು ಯೋಚಿಸಿದ್ದು ಪಿಸ್ಟನ್, ಟರ್ಬೊ, ಹೊಗೆ ಇಷ್ಟರ ಬಗ್ಗೆ. ಹೆಚ್ಚಿದ ಆ ಬಲ ಚಕ್ರ ತಲುಪುವ ಮುನ್ನ ಯಾರ ಕೈ ದಾಟಿ ಹೋಗಬೇಕು ಎಂಬುದು ತಲೆಗೇ ಬರಲಿಲ್ಲ.

ಮೊದಲ ಎರಡು ತಿಂಗಳು ಅಣ್ಣನಿಗೆ ಹಬ್ಬ. ‘ಗುಡ್ಡಾನೂ ಬಯಲಿನ ತರ ಹತ್ತುತ್ತೆ’ ಎಂದು ನನ್ನನ್ನೇ ಹೊಗಳಿದ. ಆಮೇಲೆ ಗೇರ್ ಬದಲಾಗುವಾಗ ಸಣ್ಣ ಎಳೆತ, ಒಂದು ಜರ್ಕು. ‘ಆರ್‌ಪಿಎಂ ಏರುತ್ತೆ, ಗಾಡಿ ಮಾತ್ರ ಎಳೆಯಲ್ಲ’ ಎಂದ. ಪರೀಕ್ಷೆ ಹತ್ತಿರವಿತ್ತು, ಬಂದು ನೋಡುತ್ತೇನೆ ಎಂದೆ. ಹೋಗಲಿಲ್ಲ. ಒಂದು ಸಂಜೆ ಹಳೇಬೀಡು ಬಿಟ್ಟು ಬೇಲೂರಿನ ಕಡೆ ಅರ್ಧ ದಾರಿಯಲ್ಲಿ ಕಾರು ನಿಂತಿತು. ಎಂಜಿನ್ ಚೆನ್ನಾಗಿಯೇ ಓಡುತ್ತಿತ್ತು. ಡ್ರೈವ್‌ಗೆ ಹಾಕಿದರೂ ಚಕ್ರ ತಿರುಗಲಿಲ್ಲ. ಕಾರಿನಲ್ಲಿದ್ದ ಎಪ್ಪತ್ತು ದಾಟಿದ ಅಜ್ಜಿಯನ್ನೂ ಮಕ್ಕಳನ್ನೂ ದಾರಿಯಲ್ಲಿ ಬಂದ ಬಸ್ಸಿಗೆ ಹತ್ತಿಸಿ, ಬಾಡಿಗೆ ಬಿಟ್ಟುಕೊಟ್ಟು, ಕತ್ತಲಲ್ಲಿ ಒಬ್ಬನೇ ಕಾರಿನ ಪಕ್ಕ ಕೂತಿದ್ದ ಅಣ್ಣ.

ಗ್ಯಾರೇಜಿನಲ್ಲಿ ಗೇರ್‌ಬಾಕ್ಸ್ ಬಿಚ್ಚಿದ ದಿನ ನಾನು ಹೋಗಿದ್ದೆ. ಒಳಗಿನ ಎಣ್ಣೆ ಕಪ್ಪಗಾಗಿ ಸೀದ ವಾಸನೆ ಬರುತ್ತಿತ್ತು. ಕ್ಲಚ್ ಪ್ಲೇಟುಗಳ ಮೇಲಿನ ಪದರ ಸುಟ್ಟು ಉದುರಿತ್ತು. ‘ಎಂಜಿನ್‌ಗೆ ಏನು ಮಾಡ್ಸಿದ್ರಿ?’ ಎಂದು ಮೆಕ್ಯಾನಿಕ್ ಮೊದಲ ಪ್ರಶ್ನೆಯಲ್ಲೇ ಕೇಳಿದರು. ಅಣ್ಣ ನನ್ನ ಮುಖ ನೋಡಲಿಲ್ಲ. ನೋಡಿದ್ದರೆ ವಾಸಿಯಿತ್ತು.

ಅವತ್ತಿನಿಂದ ಓದಿದ್ದನ್ನು, ಮೊದಲೇ ಓದಿರಬೇಕಿದ್ದನ್ನು ಇಲ್ಲಿ ಹೇಳುತ್ತೇನೆ. ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ಕೇಳಬಹುದು.

ಇಂಥ ಆಟೊಮ್ಯಾಟಿಕ್ ಕಾರಿನಲ್ಲಿ ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವೆ ಟಾರ್ಕ್ ಕನ್ವರ್ಟರ್ ಇರುತ್ತದೆ. ಎರಡು ಫ್ಯಾನುಗಳನ್ನು ಎಣ್ಣೆಯೊಳಗೆ ಎದುರುಬದುರು ಇಟ್ಟಂತೆ. ಒಂದು ತಿರುಗಿ ಎಣ್ಣೆಯನ್ನು ತಳ್ಳಿದರೆ ಇನ್ನೊಂದು ತಿರುಗುತ್ತದೆ. ನಿಂತ ಗಾಡಿ ಹೊರಡುವಾಗ ಇದು ಎಂಜಿನ್‌ನ ಟಾರ್ಕನ್ನು ಸುಮಾರು ಎರಡು ಪಟ್ಟು ಮಾಡಿ ಒಳಗೆ ಕಳಿಸುತ್ತದೆ. ಅಂದರೆ ಎಂಜಿನ್‌ನಲ್ಲಿ 60 ಹೆಚ್ಚಿಸಿದರೆ, ಏರಿನಲ್ಲಿ ನಿಂತು ಹೊರಡುವ ಆ ಗಳಿಗೆಯಲ್ಲಿ ಗೇರ್‌ಬಾಕ್ಸ್‌ಗೆ ಬೀಳುವುದು ಹೆಚ್ಚುಕಡಿಮೆ 120. ಈ ಗುಣಾಕಾರ ಆ ಕಾಗದದಲ್ಲಿ ಇರಲಿಲ್ಲ.

ಕನ್ವರ್ಟರ್ ಆಚೆಗೆ ಗೇರುಗಳು, ಅವನ್ನು ಹಿಡಿಯುವ, ಬಿಡುವ ಕ್ಲಚ್ ಪ್ಲೇಟುಗಳ ಕಟ್ಟುಗಳು. ಒಂದು ಕಟ್ಟು ಎಷ್ಟು ಟಾರ್ಕ್ ತಡೆಯುತ್ತದೆ ಎಂಬುದು ನಾಲ್ಕೇ ಸಂಗತಿಗಳ ಮೇಲೆ ನಿಂತಿದೆ: ಎಷ್ಟು ಪ್ಲೇಟುಗಳಿವೆ, ಎಷ್ಟು ಅಗಲವಿವೆ, ಮೇಲ್ಮೈ ಎಷ್ಟು ಒರಟು, ಎಣ್ಣೆಯ ಒತ್ತಡ ಅವನ್ನು ಎಷ್ಟು ಬಿಗಿಯಾಗಿ ಅದುಮುತ್ತದೆ. ಮೊದಲ ಮೂರು ಕಾರ್ಖಾನೆಯಲ್ಲೇ ತೀರ್ಮಾನವಾದವು. ನಾಲ್ಕನೆಯದನ್ನು ಗೇರ್‌ಬಾಕ್ಸ್‌ನ ಕಂಪ್ಯೂಟರ್ ಕ್ಷಣಕ್ಷಣಕ್ಕೂ ತೀರ್ಮಾನಿಸುತ್ತದೆ. ಅದಕ್ಕಾಗಿ ಅದು ಎಂಜಿನ್ ಕಂಪ್ಯೂಟರನ್ನು ‘ಈಗ ಎಷ್ಟು ಟಾರ್ಕ್ ಕೊಡ್ತಿದೀಯ?’ ಎಂದು ಕೇಳುತ್ತಲೇ ಇರುತ್ತದೆ.

ಅಣ್ಣನ ಬಾಕ್ಸ್ ಮಾಡಿದ್ದು ಇಲ್ಲಿಯೇ ಮೋಸ. ಅದು ಡೀಸೆಲ್‌ನ ಒತ್ತಡ ಅಳೆಯುವ ಸೆನ್ಸರ್‌ಗೂ ಎಂಜಿನ್ ಕಂಪ್ಯೂಟರ್‌ಗೂ ನಡುವೆ ಕೂತು, ಇರುವುದಕ್ಕಿಂತ ಕಡಿಮೆ ಒತ್ತಡ ಇದೆ ಎಂದು ಸುಳ್ಳು ಹೇಳುತ್ತದೆ. ಕಂಪ್ಯೂಟರ್ ಒತ್ತಡ ಏರಿಸುತ್ತದೆ, ಡೀಸೆಲ್ ಹೆಚ್ಚು ಹೋಗುತ್ತದೆ, ಬಲ ಹೆಚ್ಚುತ್ತದೆ. ಆದರೆ ಎಂಜಿನ್ ಕಂಪ್ಯೂಟರ್ ಮಾತ್ರ ತಾನಿನ್ನೂ ಹಳೆಯ ಟಾರ್ಕನ್ನೇ ಕೊಡುತ್ತಿದ್ದೇನೆ ಎಂದು ನಂಬಿ, ಗೇರ್‌ಬಾಕ್ಸ್‌ಗೂ ಅದನ್ನೇ ಹೇಳುತ್ತದೆ. ಗೇರ್‌ಬಾಕ್ಸ್ 260ಕ್ಕೆ ತಕ್ಕಂತೆ ಹಿಡಿಯುತ್ತದೆ, ಬರುವುದು 320. ಕ್ಲಚ್ ಜಾರುತ್ತದೆ.

ಜಾರಿದರೆ ಏನಾಯಿತು ಎನ್ನಬಹುದು. ಒಂದು ಲೆಕ್ಕ ಮಾಡಿ ನೋಡಿದೆ. 300 ನ್ಯೂಟನ್ ಮೀಟರ್ ಹೊತ್ತ ಕ್ಲಚ್ ನಿಮಿಷಕ್ಕೆ ಬರೀ 50 ಸುತ್ತು ಜಾರಿದರೂ ಅಲ್ಲಿ ಹುಟ್ಟುವ ಶಾಖ ಸುಮಾರು 1,570 ವ್ಯಾಟ್. ನಮ್ಮ ಹಾಸ್ಟೆಲ್‌ನಲ್ಲಿ ವಾರ್ಡನ್ ಕಣ್ಣು ತಪ್ಪಿಸಿ ಬಕೆಟ್‌ಗೆ ಇಳಿಬಿಡುವ ನೀರು ಕಾಯಿಸುವ ಕಾಯಿಲ್ 1,500 ವ್ಯಾಟ್‌ನದು. ಅಂಥದ್ದೊಂದನ್ನು ಗೇರ್‌ಬಾಕ್ಸ್ ಒಳಗೆ ಇಟ್ಟು ಮುಳ್ಳಯ್ಯನಗಿರಿ ಹತ್ತಿದಂತಾಯಿತು. ಈ ಎಣ್ಣೆ ಸಾಮಾನ್ಯವಾಗಿ 80ರಿಂದ 95 ಡಿಗ್ರಿ ಬಿಸಿಯಲ್ಲಿ ಕೆಲಸ ಮಾಡುತ್ತದೆ. ಅದರ ಮೇಲೆ ಹತ್ತು ಡಿಗ್ರಿ ಏರಿದಂತೆಲ್ಲ ಎಣ್ಣೆಯ ಆಯುಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ ಎಂಬುದು ಕಸುಬಿನವರ ಅಂದಾಜು. ಎಣ್ಣೆ ಕೆಟ್ಟರೆ ಹಿಡಿತ ಇನ್ನಷ್ಟು ಕಡಿಮೆ, ಹಿಡಿತ ಕಡಿಮೆಯಾದರೆ ಇನ್ನಷ್ಟು ಶಾಖ. ಹಳೇಬೀಡಿನ ರಸ್ತೆಯಲ್ಲಿ ಮುಗಿದದ್ದು ಈ ಸುತ್ತಾಟ.

ಹಾಗಾದರೆ ಆಟೊಮ್ಯಾಟಿಕ್ ಗೇರ್‌ಬಾಕ್ಸೇ ದುರ್ಬಲವೇ? ಅಲ್ಲ. 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರಿಗೆ ಬಂದ ಹೈಡ್ರಾಮ್ಯಾಟಿಕ್ ಗೇರ್‌ಬಾಕ್ಸನ್ನು ಎರಡನೇ ಮಹಾಯುದ್ಧದಲ್ಲಿ ಅಮೆರಿಕದವರು ಎಂ5 ಸ್ಟುವರ್ಟ್ ಟ್ಯಾಂಕಿಗೂ ಹಾಕಿದರು. ಟ್ಯಾಂಕಿಗೆ ಎರಡು ಕ್ಯಾಡಿಲಾಕ್ ಎಂಜಿನ್ ಬೇಕಾದಾಗ ಗೇರ್‌ಬಾಕ್ಸನ್ನೂ ಎರಡು ಇಟ್ಟರು. ಅಷ್ಟು ದೂರ ಯಾಕೆ, ನಮ್ಮ ಬಿಡದಿಯಲ್ಲಿ ತಯಾರಾಗುವ ಟೊಯೊಟಾ ಫಾರ್ಚುನರ್ ನೋಡಿ. 2021ರಲ್ಲಿ ಬಂದ ಮಾದರಿಯಲ್ಲಿ 2.8 ಲೀಟರ್ ಡೀಸೆಲ್ ಎಂಜಿನ್ ಒಂದೇ. ಆಟೊಮ್ಯಾಟಿಕ್‌ನಲ್ಲಿ ಅದರ ಟಾರ್ಕ್ 500 ನ್ಯೂಟನ್ ಮೀಟರ್, ಮ್ಯಾನುಯಲ್‌ನಲ್ಲಿ 420. ಫೋಕ್ಸ್‌ವ್ಯಾಗನ್ ಕಂಪನಿಯ ಏಳು ಗೇರುಗಳ ಡ್ರೈ ಕ್ಲಚ್ ಡಿಎಸ್‌ಜಿ ಗೇರ್‌ಬಾಕ್ಸ್‌ನ ಮಿತಿ 250 ನ್ಯೂಟನ್ ಮೀಟರ್. ಅದಕ್ಕೆ ಜೋಡಿಸಿದ 1.5 ಲೀಟರ್ ಪೆಟ್ರೋಲ್ ಎಂಜಿನ್‌ನ ಟಾರ್ಕ್ ಕೂಡ ಸರಿಯಾಗಿ 250. ಅದಕ್ಕಿಂತ ಹೆಚ್ಚಿನ ಎಂಜಿನ್ ಇದ್ದರೆ ಎಣ್ಣೆಯಲ್ಲಿ ಮುಳುಗಿದ ಕ್ಲಚ್‌ನ ಬೇರೆ ಗೇರ್‌ಬಾಕ್ಸ್ ಬರುತ್ತದೆ. ಸಾವಿರಾರು ಎಂಜಿನಿಯರುಗಳಿರುವ ಕಂಪನಿಗಳೇ ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ಹೀಗೆ ಜಾತಕ ಕೂಡಿಸುತ್ತವೆ. ನಾನು ಊಟದ ಸಾಲಿನಲ್ಲಿ ನಿಂತು ಕೂಡಿಸಿದ್ದೆ.

ತಾತ ರೈಲ್ವೆಯಲ್ಲಿದ್ದವರು. ಗೇರ್‌ಬಾಕ್ಸ್ ಕಥೆ ಕೇಳಿ ನಕ್ಕು ಒಂದು ಮಾತು ಹೇಳಿದರು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿಯಲ್ಲಿ 50 ಅಡಿ ಹೋದರೆ ಒಂದು ಅಡಿ ಏರು. ಅಲ್ಲಿ ಗೂಡ್ಸ್ ಗಾಡಿ ಹತ್ತಿಸಲು ಹಿಂದಿನಿಂದ ಬ್ಯಾಂಕರ್ ಎಂಜಿನ್‌ಗಳು ನೂಕುತ್ತವೆ. ‘ಎಲ್ಲಾ ಎಂಜಿನ್ನೂ ಮುಂದೆಯೇ ಕಟ್ಟಿ ಎಳೀಬೋದಿತ್ತಲ್ಲ, ಯಾಕೆ ಹಿಂದೆ ಕಟ್ತಾರೆ ಗೊತ್ತೇನೋ?’ ಎಂದರು. ನನಗೆ ಹೊಳೆಯಲಿಲ್ಲ. ಎಲ್ಲವನ್ನೂ ಮುಂದೆ ಕಟ್ಟಿದರೆ ಇಡೀ ಗಾಡಿಯ ಎಳೆತ ಮೊದಲ ವ್ಯಾಗನ್‌ಗಳ ಕಪ್ಲಿಂಗ್ ಮೇಲೆ ಬಿದ್ದು ಅದು ಕಿತ್ತುಹೋಗಬಹುದು. ಎಂಜಿನ್‌ಗೆ ಎಷ್ಟು ಬಲ ಇದೆ ಎಂಬುದರ ಜೊತೆಗೆ ನಡುವಿನ ಕೊಂಡಿ ಎಷ್ಟು ತಡೆಯುತ್ತೆ ಎಂದೂ ರೈಲ್ವೆಯವರು ನೋಡುತ್ತಾರೆ. ಜಂಕ್ಷನ್ ಊರಿನಲ್ಲಿ ಹುಟ್ಟಿ ಬೆಳೆದ ನನಗೆ ಇದು ಇಪ್ಪತ್ತು ವರ್ಷಕ್ಕೆ ಗೊತ್ತಾಯಿತು.

ಹಾಗೆಂದು ಎಂಜಿನ್ ಬಲ ಹೆಚ್ಚಿಸುವುದೇ ತಪ್ಪು ಎನ್ನುವವನು ನಾನಲ್ಲ. ನನ್ನ ಗೆಳೆಯರಲ್ಲಿ ಅರ್ಧ ಜನ ಆ ಆಸೆಯಿಂದಲೇ ಮೆಕ್ಯಾನಿಕಲ್ ಸೇರಿದವರು. ‘ಕಂಪನಿಯವರು ಮಿತಿಗಿಂತ ಒಂದಿಷ್ಟು ಹೆಚ್ಚೇ ಗಟ್ಟಿಯಾಗಿ ಮಾಡಿರ್ತಾರೆ, ಅದನ್ನ ನಾವು ಬಳಸ್ಕೋಬಹುದು’ ಎಂಬುದು ಅವರ ವಾದ. ಅದರಲ್ಲಿ ಸತ್ಯವಿದೆ. ಆದರೆ ಆ ಹೆಚ್ಚುವರಿ ಗಟ್ಟಿತನ ಬೇಸಿಗೆಯ ಬಿಸಿಲಿಗೆ, ಘಾಟಿಗೆ, ತುಂಬಿದ ಲಗೇಜಿಗೆ, ಗಾಡಿಯ ಮುಪ್ಪಿಗೆ ಎಂದು ಇಟ್ಟದ್ದು. ಲಕ್ಷ ಕಿಲೊಮೀಟರ್ ದಾಟಿದ ಬಾಡಿಗೆ ಕಾರಿನಲ್ಲಿ ಅದು ಆಗಲೇ ಖರ್ಚಾಗಿರುತ್ತದೆ.

ನಿಜವಾಗಿ ಬಲ ಹೆಚ್ಚಿಸಬೇಕೆಂದರೆ ಕೆಲಸ ಗೇರ್‌ಬಾಕ್ಸ್‌ನಿಂದ ಶುರುವಾಗಬೇಕು. ಮೊದಲು ಶಾಖ: ರೇಡಿಯೇಟರ್ ಜೊತೆಗೆ ಗೇರ್‌ಬಾಕ್ಸ್ ಎಣ್ಣೆಗೇ ಪ್ರತ್ಯೇಕ ಕೂಲರ್, ಡ್ರೈವರ್‌ಗೆ ಕಾಣುವಂತೆ ಎಣ್ಣೆಯ ಬಿಸಿ ತೋರಿಸುವ ಮೀಟರ್. ಆಮೇಲೆ ಹಿಡಿತ: ಹೆಚ್ಚು ಶಾಖ ತಡೆಯುವ ಕ್ಲಚ್ ಪ್ಲೇಟುಗಳು, ಜಾಗ ಇದ್ದರೆ ಕಟ್ಟಿಗೆ ಒಂದು ಪ್ಲೇಟು ಹೆಚ್ಚು. ಒತ್ತಡ ನಿಯಂತ್ರಿಸುವ ವಾಲ್ವ್ ಬಾಡಿಯಲ್ಲಿ ಬದಲಾವಣೆ. ಹೊಸ ಎಂಜಿನ್‌ಗೆ ಹೊಂದುವ ಟಾರ್ಕ್ ಕನ್ವರ್ಟರ್. ತೀರಾ ಹೆಚ್ಚು ಬಲವಾದರೆ ಒಳಗಿನ ಶಾಫ್ಟುಗಳೂ ಗಟ್ಟಿಯಾಗಬೇಕು. ಕೊನೆಗೆ, ನಿಜವಾದ ಟಾರ್ಕ್ ಎಷ್ಟೆಂದು ಗೇರ್‌ಬಾಕ್ಸ್‌ನ ಕಂಪ್ಯೂಟರ್‌ಗೆ ತಿಳಿಸುವ ಪ್ರೋಗ್ರಾಂ. ಇಷ್ಟಾದ ಮೇಲೆ ಎಂಜಿನ್ ಮುಟ್ಟಬೇಕು. ಎಂಜಿನ್ ಮುಟ್ಟಿದ ಮೇಲೆ ಬ್ರೇಕ್, ಟೈರು ಸಾಲುತ್ತವೆಯೇ ನೋಡಬೇಕು. ಇದನ್ನೆಲ್ಲ ಕೂಡಿಸಿದರೆ ಖರ್ಚು ಆ ಬಾಕ್ಸಿನ ಹಲವು ಪಟ್ಟು. 18,000 ರೂಪಾಯಿಯ ಬಾಕ್ಸ್ ಅಗ್ಗವಾಗಿ ಕಾಣುವುದು ಉಳಿದ ಬಿಲ್ಲನ್ನು ಯಾರೂ ತೋರಿಸದ ಕಾರಣಕ್ಕೆ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಹೇಳಿದ್ದಕ್ಕಿಂತ ಬೇರೆಯಾಗುವಂತೆ ಮಾಲೀಕ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ನಿಯಮ ಮೀರಿದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಎಂದು ಬಂತು. ಬಾಡಿಗೆ ಗಾಡಿಯಲ್ಲಿ ಕೂತವರು ನಮ್ಮನ್ನು ನಂಬಿ ಕೂತವರು. ಏನಾದರೂ ಆದ ಮೇಲೆ ವಿಮೆಯವರು ಮೊದಲು ಹುಡುಕುವುದೂ ಇಂಥ ಬಾಕ್ಸನ್ನೇ.

ನನ್ನ ಅಭಿಪ್ರಾಯ ಇಷ್ಟು. ಬಲ ಮಾರುವವರು ಬಿಲ್ಲಿನ ಜೊತೆ ಮೂರು ಸಾಲು ಬರೆದುಕೊಡಲಿ: ಈ ಗಾಡಿಯ ಗೇರ್‌ಬಾಕ್ಸ್‌ನ ಮಿತಿ ಎಷ್ಟು, ನಾವು ಕೊಡುತ್ತಿರುವುದು ಎಷ್ಟು, ಏರಿನಲ್ಲಿ ಎಣ್ಣೆಯ ಬಿಸಿ ಎಷ್ಟಕ್ಕೆ ಹೋಯಿತು. ಬರೆದುಕೊಡದವರ ಹತ್ತಿರ ಗಾಡಿ ಬಿಡಬೇಡಿ. ನಮ್ಮ ಕಾಲೇಜುಗಳು ಗುಜರಿಯಿಂದಾದರೂ ಒಂದು ಆಟೊಮ್ಯಾಟಿಕ್ ಗೇರ್‌ಬಾಕ್ಸ್ ತಂದು ಲ್ಯಾಬಿನಲ್ಲಿ ಬಿಚ್ಚಿಡಲಿ. ನಮ್ಮ ಲ್ಯಾಬಿನಲ್ಲಿ ಸೀಳಿ ಇಟ್ಟಿರುವ ಗೇರ್‌ಬಾಕ್ಸ್ ಮ್ಯಾನುಯಲ್‌ನದು. ಕ್ಲಚ್ ಪ್ಲೇಟುಗಳ ಕಟ್ಟನ್ನು ನಾನು ಮೊದಲು ಕೈಯಲ್ಲಿ ಹಿಡಿದದ್ದು ಅಣ್ಣನ ಕಾರಿನದನ್ನು, ಅದೂ ಸುಟ್ಟ ಮೇಲೆ. ಇನ್ನು ನಮ್ಮಂಥ ವಿದ್ಯಾರ್ಥಿಗಳಿಗೆ: ಊರಿನಲ್ಲಿ ನಾವು ಸೀಟು ಸಿಕ್ಕ ದಿನದಿಂದಲೇ ‘ಎಂಜಿನಿಯರು’. ಮಿಕ್ಸಿ ಕೆಟ್ಟರೂ ನಮ್ಮನ್ನೇ ಕೇಳುತ್ತಾರೆ, ಬೋರ್‌ವೆಲ್ ಮೋಟರ್ ಸುಟ್ಟರೂ ನಮ್ಮನ್ನೇ ಕೇಳುತ್ತಾರೆ. ಆ ಗೌರವ ಉಳಿಸಿಕೊಳ್ಳಲು ಏನೋ ಒಂದು ಹೇಳಿಬಿಡುತ್ತೇವೆ. ನಮ್ಮ ಮಾತಿಗೆ ದುಡ್ಡು ಸುರಿಯುವವರು ಸಾಲದ ಕಂತು ಕಟ್ಟುವವರು ಎಂಬುದು ನೆನಪಿರಲಿ.

ಅಣ್ಣನ ಗೇರ್‌ಬಾಕ್ಸ್ ರಿಪೇರಿಯಾಯಿತು. ಆ ಒಂದೂವರೆ ತಿಂಗಳು ಬಾಡಿಗೆ ಇಲ್ಲ, ಕಂತು ಮಾತ್ರ ನಿಲ್ಲಲಿಲ್ಲ. ಲ್ಯಾಪ್‌ಟಾಪ್‌ಗೆಂದು ಕೂಡಿಟ್ಟಿದ್ದ ದುಡ್ಡನ್ನು ತೆಗೆದುಕೊಂಡು ಹೋದೆ. ‘ಓದೋ ಹುಡುಗನ ದುಡ್ಡು ಬೇಡ’ ಎಂದ. ದೊಡ್ಡಮ್ಮನ ಕೈಯಲ್ಲಿ ಇಟ್ಟು ಬಂದೆ. ಗೇರ್‌ಬಾಕ್ಸನ್ನು ಗಟ್ಟಿ ಮಾಡಿಸಿ ಬಾಕ್ಸನ್ನು ಹಾಗೇ ಇಟ್ಟುಕೊಳ್ಳೋಣವೇ ಎಂದು ಇಬ್ಬರೂ ಲೆಕ್ಕ ಹಾಕಿದೆವು. ದುಡ್ಡೂ ಒಪ್ಪಲಿಲ್ಲ, ಕಾನೂನೂ ಒಪ್ಪಲಿಲ್ಲ. ಬಾಕ್ಸ್ ಬಿಚ್ಚಿಸಿದೆವು.

ಬಲ ಇಳಿಸುವುದು ಸೋಲು ಎಂದು ಆಗ ಅನ್ನಿಸಿತ್ತು. ಗಾಡಿ ಸರಿಯಾದ ಮೇಲೆ ಅಣ್ಣನ ಜೊತೆ ಬೇಲೂರಿಗೆ ಹೋಗಿದ್ದೆ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವ ದೇವಾಲಯದ ಗರ್ಭಗುಡಿಯ ಮೇಲೆ ಈಗ ಶಿಖರ ಇಲ್ಲ. ಇಟ್ಟಿಗೆ, ಗಾರೆ, ಮರದಿಂದಾಗಿದ್ದ ಆ ಶಿಖರವನ್ನು ಕೆಳಗಿನ ಗರ್ಭಗುಡಿ ಉಳಿಯಲೆಂದು 19ನೇ ಶತಮಾನದ ಕೊನೆಯಲ್ಲಿ ಇಳಿಸಿದರಂತೆ. ಚಿಕ್ಕಂದಿನಿಂದ ನೋಡಿದ ಗುಡಿ. ಮೇಲೆ ಏನೋ ಇಲ್ಲ ಎಂದು ಗಮನಿಸಿದ್ದು ಅವತ್ತೇ. ಹೊರುವವರಿಗೆ ಆಗದಿದ್ದರೆ ಭಾರ ಇಳಿಸುವುದೂ ಎಂಜಿನಿಯರಿಂಗೇ ತಾನೆ?

ಈಗ ಗುಡ್ಡ ಹತ್ತುವ ಮೊದಲು ಅಣ್ಣ ಕಾರು ನಿಲ್ಲಿಸಿ ‘ಎ.ಸಿ. ಸ್ವಲ್ಪ ಹೊತ್ತು ಆಫ್ ಮಾಡ್ತೀನಿ ಸಾರ್, ಗಾಳಿ ಚೆನ್ನಾಗಿದೆ’ ಎನ್ನುತ್ತಾನೆ. ಯಾರೂ ಬೇಡ ಎಂದಿಲ್ಲವಂತೆ. ಹೋದ ವಾರ ಮತ್ತೆ ಫೋನ್ ಮಾಡಿದ್ದ. ‘ದೊಡ್ಡ ಸೈಜಿನ ಟೈರ್ ಹಾಕಿಸಿದ್ರೆ ಏನಾದ್ರೂ ಆಗುತ್ತೇನೋ?’ ಎಂದು ಕೇಳಿದ. ನಾನು ಮತ್ತೆ ಊಟದ ಸಾಲಿನಲ್ಲೇ ನಿಂತಿದ್ದೆ.

‘ಗೊತ್ತಿಲ್ಲಣ್ಣ. ಓದಿ ಹೇಳ್ತೀನಿ’ ಎಂದೆ.